ನಕ್ಷೆ ಉಳಿಸಿಕೊಳ್ಳುವುದೇನು, ಬಿಟ್ಟುಕೊಡುವುದೇನು?

(ದಬ್ಬೇಘಟ್ಟದಲ್ಲಿ ಸುತ್ತಲಿನ ಗ್ರಾಮಸ್ಥರಿಗೂ ವಿದ್ಯಾರ್ಥಿಗಳಿಗೂ ನೀಡಿದ ಉಪನ್ಯಾಸದ ಪಠ್ಯ)



ಗುಡ್ಡ, ಗೋಮಾಳ, ಕಾವಲು, ಕೆರೆಯಂಗಳ ಇವುಗಳ ಕುರಿತ ವಿವಾದ ಯಾವುದೇ ಇರಲಿ, ಇಂದು ಅದು ಮೊದಲು ತೀರ್ಮಾನವಾಗುವುದು ನೆಲದ ಮೇಲಲ್ಲ, ಕಾಗದದ ಮೇಲೆ. ಗಣಿ ಗುತ್ತಿಗೆಯ ಅರ್ಜಿಯ ಜೊತೆಗೆ ಒಂದು ನಕ್ಷೆ ಇರುತ್ತದೆ. ಅರಣ್ಯವೆಂದು ಸಾರುವ ಅಧಿಸೂಚನೆಯ ಜೊತೆಗೆ ಇನ್ನೊಂದು. ಹೆದ್ದಾರಿಗೆ, ನಾಲೆಗೆ, ವಿದ್ಯುತ್ ಮಾರ್ಗಕ್ಕೆ ಮತ್ತೊಂದು. ಅದನ್ನು ಊರ ಚಾವಡಿಯಲ್ಲಿ ಹರಡಿದಾಗ ಎಲ್ಲರ ಕಣ್ಣೂ ಗೆರೆ ಯಾರ ಹೊಲದ ಮೇಲೆ ಹಾದಿದೆ ಎಂಬುದನ್ನು ಹುಡುಕುತ್ತದೆ. ಆ ಗೆರೆಯನ್ನು ಹೊತ್ತ ಹಾಳೆ ಹೇಗೆ ತಯಾರಾಯಿತು ಎಂದು ಕೇಳುವವರು ಅಪರೂಪ. ದುಂಡನೆಯ ಭೂಮಿಯನ್ನು ಚಪ್ಪಟೆ ಹಾಳೆಗೆ ಇಳಿಸುವ ಗಣಿತಕ್ರಮಕ್ಕೆ ನಕ್ಷಾ ಪ್ರಕ್ಷೇಪ ಎಂದು ಹೆಸರು. ಕಾಲೇಜಿನ ಭೂಗೋಳ ಪ್ರಾಯೋಗಿಕ ಪುಸ್ತಕದಲ್ಲಿ ಅಂಕಕ್ಕಾಗಿ ಬರೆದು ಮರೆಯುವ ಪಾಠ ಇದೆಂದು ಬಹಳ ಮಂದಿ ತಿಳಿದಿದ್ದಾರೆ. ಆದರೆ ಒಂದು ಎಕರೆಗೆ ನಲವತ್ತು ಗುಂಟೆಯೋ ನಲವತ್ತೆರಡು ಗುಂಟೆಯೋ ಎಂಬ ಪ್ರಶ್ನೆಯೂ ಈ ಪಾಠದೊಳಗೇ ಅಡಗಿದೆ.

ತೆಂಗಿನ ಸೀಮೆಯವರಿಗೆ ಇದರ ಮೂಲವನ್ನು ವಿವರಿಸುವುದು ಸುಲಭ. ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿದ ಕಾಯಿಯಿಂದ ತೆಗೆದ ಉಂಡೆ ಕೊಬ್ಬರಿಯನ್ನು ಎರಡು ಹೋಳು ಮಾಡಿ, ಒಂದು ಗಿಟುಕನ್ನು ನೆಲದ ಮೇಲೆ ಬೋರಲಾಗಿಟ್ಟು ಅಂಗೈಯಿಂದ ಬಲವಾಗಿ ಒತ್ತಿದರೆ ಅದು ಚಪ್ಪಟೆಯಾಗುವುದಿಲ್ಲ, ಅಂಚಿನಿಂದ ಸೀಳುತ್ತದೆ. ಚಪ್ಪಟೆಯಾಗಿ ಕೂರಲು ಬೇಕಾದಷ್ಟು ಸುತ್ತಳತೆ ಅದರ ಅಂಚಿನಲ್ಲಿ ಇಲ್ಲ. ಸೀಳಬಾರದು ಎಂದರೆ ಅದು ರಬ್ಬರಿನಂತೆ ಹಿಗ್ಗಬೇಕು. ಇದಕ್ಕೆ ಬದಲಾಗಿ ಹೆಣೆದ ತೆಂಗಿನ ಗರಿಯನ್ನು ಮರದ ಬೊಡ್ಡೆಗೆ ಸುತ್ತಬಹುದು, ಬಿಚ್ಚಿ ಮತ್ತೆ ನೆಲಕ್ಕೆ ಹಾಸಬಹುದು. ಅದು ಎಲ್ಲಿಯೂ ಹರಿಯದು, ಹಿಗ್ಗದು. ಬೊಡ್ಡೆಯ ಬಾಗು ಒಂದೇ ಕಡೆಗೆ. ಗಿಟುಕಿನ ಬಾಗು ಎರಡೂ ಕಡೆಗೆ. ಜರ್ಮನಿಯ ಗಣಿತಜ್ಞ ಕಾರ್ಲ್ ಫ್ರೆಡ್ರಿಕ್ ಗೌಸ್ ಈ ಭೇದವನ್ನು 1827ರಲ್ಲಿ ಗಣಿತದ ನೆಲೆಯಲ್ಲಿ ಸ್ಥಾಪಿಸಿದನು. ಗೋಳದ ಮೇಲ್ಮೈಯ ಅಳತೆಗಳೆಲ್ಲವೂ ಉಳಿಯುವಂತೆ ಅದನ್ನು ಸಮತಲಕ್ಕೆ ಇಳಿಸುವುದು ಅಸಾಧ್ಯ. ಕಷ್ಟವೆಂದಲ್ಲ, ಎಂದೆಂದಿಗೂ ಅಸಾಧ್ಯ. ಉಪಗ್ರಹ ಬಂದರೂ ಗಣಕಯಂತ್ರ ಬಂದರೂ ಈ ಮಾತು ಬದಲಾಗಿಲ್ಲ.

ಆದ್ದರಿಂದ ನಕ್ಷೆ ತಯಾರಿಸುವವನು ಆಯ್ಕೆ ಮಾಡಲೇಬೇಕಾಗುತ್ತದೆ. ವಿಸ್ತೀರ್ಣವನ್ನು ಉಳಿಸಿಕೊಂಡರೆ ಆಕಾರ ಕೆಡುತ್ತದೆ. ಆಕಾರವನ್ನು, ಎಂದರೆ ಕೋನಗಳನ್ನು, ಉಳಿಸಿಕೊಂಡರೆ ವಿಸ್ತೀರ್ಣ ಕೆಡುತ್ತದೆ. ದೂರವನ್ನು ಕೆಲವು ಗೆರೆಗಳ ಉದ್ದಕ್ಕೆ ಮಾತ್ರ ಉಳಿಸಬಹುದು, ಎಲ್ಲ ಕಡೆಗೂ ಅಲ್ಲ. ಗೋಳದಿಂದ ಹಾಳೆಗೆ ಬರುವ ದಾರಿಗಳಲ್ಲಿ ಮೂರು ಮುಖ್ಯವಾದವು. ಗೋಳಕ್ಕೆ ಕಾಗದವನ್ನು ಕೊಳವೆಯಂತೆ ಸುತ್ತಿ, ಗೆರೆಗಳನ್ನು ಅದಕ್ಕೆ ಇಳಿಸಿಕೊಂಡು ಬಿಚ್ಚುವುದು ಒಂದು. ಕಡಲೆಕಾಯಿ ಕಟ್ಟುವ ಪೊಟ್ಟಣದಂತೆ ಶಂಕುವಿನ ಆಕಾರದಲ್ಲಿ ಹೊದಿಸುವುದು ಎರಡನೆಯದು. ತಟ್ಟೆಯಂತೆ ಒಂದೇ ಬಿಂದುವಿಗೆ ತಾಗಿಸಿ ಹಿಡಿಯುವುದು ಮೂರನೆಯದು. ಧ್ರುವಪ್ರದೇಶದ ನಕ್ಷೆಗೆ ಅದು ಹೊಂದುತ್ತದೆ, ಇಲ್ಲಿನ ಜನಕ್ಕೆ ಅದರಿಂದ ಆಗಬೇಕಾದದ್ದು ಹೆಚ್ಚೇನೂ ಇಲ್ಲ. ಕಾಗದವು ಗೋಳವನ್ನು ಎಲ್ಲಿ ಮುಟ್ಟುತ್ತದೆಯೋ ಅಲ್ಲಿ ಅಳತೆ ನಿಜ. ಅಲ್ಲಿಂದ ದೂರ ಸರಿದಷ್ಟೂ ಹಿಗ್ಗು ಹೆಚ್ಚು. ಈ ಒಂದು ಮಾತು ನೆನಪಿನಲ್ಲಿದ್ದರೆ ಮುಂದಿನದು ತಾನಾಗಿಯೇ ತಿಳಿಯುತ್ತದೆ.

ಕೊಳವೆಯ ಕ್ರಮದಲ್ಲಿ ಲೋಕಪ್ರಸಿದ್ಧವಾದದ್ದು ಗೆರಾರ್ಡಸ್ ಮರ್ಕೇಟರನು 1569ರಲ್ಲಿ ಪ್ರಕಟಿಸಿದ ನಕ್ಷೆ. ಅದು ನಾವಿಕರಿಗಾಗಿ ಹುಟ್ಟಿದ್ದು. ದಿಕ್ಸೂಚಿಯ ಒಂದೇ ಕೋನವನ್ನು ಹಿಡಿದು ಸಾಗುವ ಹಡಗಿನ ದಾರಿ ಆ ನಕ್ಷೆಯಲ್ಲಿ ನೇರ ಗೆರೆಯಾಗಿ ಮೂಡುತ್ತದೆ. ಅಡಿಕೋಲನ್ನಿಟ್ಟು ಗೆರೆ ಎಳೆದು, ಕೋನ ಅಳೆದು, ಸಮುದ್ರ ದಾಟಬಹುದು. ಇಷ್ಟು ದೊಡ್ಡ ಉಪಕಾರಕ್ಕೆ ತೆತ್ತ ಬೆಲೆಯೂ ದೊಡ್ಡದೇ. ಸಮಭಾಜಕ ವೃತ್ತದಿಂದ ಧ್ರುವಗಳ ಕಡೆಗೆ ಹೋದಂತೆ ಭೂಭಾಗಗಳು ಉಬ್ಬುತ್ತವೆ. ಗ್ರೀನ್‌ಲ್ಯಾಂಡಿನ ವಿಸ್ತೀರ್ಣ ಸುಮಾರು 21.7 ಲಕ್ಷ ಚದರ ಕಿಲೋಮೀಟರು, ಭಾರತದ್ದು ಸುಮಾರು 32.9 ಲಕ್ಷ. ಮರ್ಕೇಟರ್ ನಕ್ಷೆಯಲ್ಲಿ ಮಾತ್ರ ಗ್ರೀನ್‌ಲ್ಯಾಂಡಿನ ಪಕ್ಕದಲ್ಲಿ ಭಾರತ ಸಣ್ಣದೊಂದು ತುಂಡಿನಂತೆ ತೋರುತ್ತದೆ. ಗ್ರೀನ್‌ಲ್ಯಾಂಡಿನ ಹದಿನಾಲ್ಕರಷ್ಟಿರುವ ಆಫ್ರಿಕಾ ಖಂಡ ಅದಕ್ಕೆ ಸರಿಸಮನಾಗಿ ಕಾಣುತ್ತದೆ. ಹಡಗು ನಡೆಸದ ಶಾಲೆಗಳ ಗೋಡೆಗೆ ಈ ನಕ್ಷೆ ಏರಿ ಕುಳಿತದ್ದು ಮರ್ಕೇಟರನ ತಪ್ಪಲ್ಲ.

ಹಳೆಯ ಸಂಗತಿಯೆಂದು ಇದನ್ನು ತಳ್ಳಿಹಾಕುವಂತಿಲ್ಲ. 2005ರಲ್ಲಿ ಆರಂಭವಾದ ಗೂಗಲ್ ನಕ್ಷೆಯೂ ಅದರ ಹಿಂದೆ ಬಂದ ಬಹುತೇಕ ಜಾಲನಕ್ಷೆಗಳೂ ಮರ್ಕೇಟರನ ಕ್ರಮದ ಒಂದು ಸರಳ ರೂಪವನ್ನೇ ಬಳಸಿದವು. ಕಾರಣ ಸ್ಪಷ್ಟ: ಕೋನಗಳು ಉಳಿಯುವುದರಿಂದ ಬೀದಿಗಳ ಮೂಲೆಗಳು ಎಲ್ಲ ಊರಿನಲ್ಲಿಯೂ ಕಂಡಂತೆಯೇ ಮೂಡುತ್ತವೆ, ಲೋಕವನ್ನೆಲ್ಲ ಸಮಚೌಕ ಬಿಲ್ಲೆಗಳಾಗಿ ಕತ್ತರಿಸಿಡಬಹುದು. ದಾರಿ ಹುಡುಕುವವನಿಗೆ ಅದು ಸಾಕು. ಮೊಬೈಲಿನಲ್ಲಿರುವ ಅಳತೆಯ ಸಾಧನಗಳು ಸಾಮಾನ್ಯವಾಗಿ ಗೋಳದ ಲೆಕ್ಕದಿಂದಲೇ ದೂರ, ವಿಸ್ತೀರ್ಣಗಳನ್ನು ಹೇಳುವುದರಿಂದ ಅಲ್ಲಿ ಅಪಾಯ ಕಡಿಮೆ. ಅಪಾಯವಿರುವುದು ಆ ಹಾಳೆಯನ್ನು ಗಣಕಯಂತ್ರಕ್ಕೆ ತಂದು, ಅದರ ಸಮತಲದ ಅಂಕಿಗಳನ್ನೇ ಹಿಡಿದು ವಿಸ್ತೀರ್ಣ ತೆಗೆದಾಗ. ದಬ್ಬೇಘಟ್ಟವಿರುವ ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ ಹಾಗೆ ಅಳೆದ ಒಂದು ಎಕರೆ ನಲವತ್ತು ಗುಂಟೆಯಾಗಿ ಉಳಿಯುವುದಿಲ್ಲ, ನಲವತ್ತೆರಡು ಗುಂಟೆಗೂ ಮಿಗಿಲಾಗುತ್ತದೆ. ಬೀದರಿನಲ್ಲಿ ಅದೇ ಎಕರೆ ನಲವತ್ನಾಲ್ಕು ಗುಂಟೆಯನ್ನು ದಾಟುತ್ತದೆ. ನೂರು ಎಕರೆಯ ಗೋಮಾಳಕ್ಕೆ ಐದಾರು ಎಕರೆ ಕಾಗದದ ಮೇಲೆ ತಾನಾಗಿ ಹುಟ್ಟಿಕೊಂಡರೆ, ಅದನ್ನು ನೆಲದ ಮೇಲೆ ತೋರಿಸಲು ಯಾರಿಂದಲೂ ಆಗದು.

ವಿಸ್ತೀರ್ಣವನ್ನೇ ಉಳಿಸಿಕೊಳ್ಳುವ ನಕ್ಷೆಗಳೂ ಇವೆ. ಜರ್ಮನಿಯ ಆರ್ನೋ ಪೀಟರ್ಸ್ 1973ರಲ್ಲಿ ಅಂಥದೊಂದನ್ನು ಪತ್ರಕರ್ತರ ಮುಂದಿಟ್ಟು, ಮರ್ಕೇಟರ್ ನಕ್ಷೆ ಶ್ರೀಮಂತ ಉತ್ತರ ದೇಶಗಳನ್ನು ಹಿಗ್ಗಿಸಿ ಬಡ ದೇಶಗಳನ್ನು ಕುಗ್ಗಿಸುತ್ತದೆ ಎಂದು ವಾದಿಸಿದನು. ಸ್ಕಾಟ್‌ಲ್ಯಾಂಡಿನ ಪಾದ್ರಿ ಜೇಮ್ಸ್ ಗಾಲ್ 1855ರಲ್ಲಿಯೇ ಈ ಕ್ರಮವನ್ನು ವಿವರಿಸಿದ್ದನು. ಪೀಟರ್ಸನ ವಾದದಲ್ಲಿ ಅರ್ಧ ನ್ಯಾಯವಿದೆ, ಅರ್ಧ ಪ್ರಚಾರವಿದೆ. ವಿಸ್ತೀರ್ಣ ಸರಿಹೋಯಿತು ನಿಜ. ಆದರೆ ಆ ನಕ್ಷೆಯಲ್ಲಿ ಆಕಾರ ಸರಿಯಾಗಿ ಕಾಣುವುದು 45 ಡಿಗ್ರಿ ಅಕ್ಷಾಂಶದ ಆಸುಪಾಸಿನಲ್ಲಿ, ಎಂದರೆ ಯೂರೋಪಿನಲ್ಲಿಯೇ! ಈ ಸೀಮೆಯಲ್ಲಿ ಸಮಚೌಕವಾಗಿ ಸಸಿ ನೆಟ್ಟ ತೋಟವೊಂದನ್ನು ಅದರಲ್ಲಿ ಬರೆದರೆ ಉತ್ತರ ದಕ್ಷಿಣದ ಉದ್ದವು ಪೂರ್ವ ಪಶ್ಚಿಮದ ಅಗಲದ ಸುಮಾರು 1.9 ಪಟ್ಟಾಗುತ್ತದೆ. ಬಡ ದೇಶಗಳಿಗೆ ನ್ಯಾಯ ಕೊಡಲು ಹೊರಟ ನಕ್ಷೆ ಅವುಗಳನ್ನೇ ಒಗೆದು ಹಿಂಡಿದ ಬಟ್ಟೆಯಂತೆ ಜೋತುಬೀಳಿಸಿತು. 2018ರಲ್ಲಿ ಪ್ರಕಟವಾದ ‘ಈಕ್ವಲ್ ಅರ್ಥ್’ ಎಂಬ ಪ್ರಕ್ಷೇಪ ವಿಸ್ತೀರ್ಣವನ್ನು ಉಳಿಸಿಕೊಂಡೂ ಕಣ್ಣಿಗೆ ಇಷ್ಟು ವಿಕಾರವಾಗಿ ತೋರುವುದಿಲ್ಲ. 2025ರ ಆಗಸ್ಟಿನಲ್ಲಿ ಆಫ್ರಿಕನ್ ಒಕ್ಕೂಟವು ಮರ್ಕೇಟರ್ ನಕ್ಷೆಯನ್ನು ಬಿಟ್ಟು ಇಂಥದನ್ನು ಬಳಸಬೇಕೆಂಬ ಚಳವಳಿಗೆ ಬೆಂಬಲ ಸೂಚಿಸಿತು. ಶಾಲೆಯ ಗೋಡೆಗೆ ಅದು ಒಳ್ಳೆಯದು. ಜಮೀನಿನ ಅಳತೆಗೆ ಲೋಕದ ನಕ್ಷೆ ಯಾವುದೂ ಒದಗದು; ಅದಕ್ಕೆ ದೇಶದ ಸರ್ವೆಯ ಕಡೆಗೇ ತಿರುಗಬೇಕು.

ಆ ಸರ್ವೆಯ ಆರಂಭ ಮೈಸೂರು ಸೀಮೆಯಲ್ಲಿಯೇ ಆಯಿತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ವಿಲಿಯಂ ಲ್ಯಾಂಬ್ಟನ್ ಎಂಬ ಸೇನಾಧಿಕಾರಿ 1800ರಲ್ಲಿ ಬೆಂಗಳೂರಿನ ಬಳಿ ಆಧಾರರೇಖೆಯೊಂದನ್ನು ಉಕ್ಕಿನ ಸರಪಳಿಯಿಂದ ಅಳೆದನು. 1802ರಲ್ಲಿ ಮದರಾಸಿನ ಬಳಿ ಇನ್ನೊಂದು ರೇಖೆಯನ್ನು ಅಳೆದು, ಬೆಟ್ಟದ ತುದಿಯಿಂದ ಬೆಟ್ಟದ ತುದಿಗೆ ದೃಷ್ಟಿ ಹಾಯಿಸಿ ಕೋನಗಳನ್ನು ಅಳೆಯುತ್ತ, ತ್ರಿಕೋನಗಳ ಬಲೆಯನ್ನು ಪಶ್ಚಿಮ ಕರಾವಳಿಯವರೆಗೆ ನೇಯ್ದನು. ಅಲ್ಲಿಯವರೆಗಿನ ನಕ್ಷೆಗಳು ಪರ್ಯಾಯದ್ವೀಪದ ಅಗಲವನ್ನು ಸುಮಾರು ನಲವತ್ತು ಮೈಲಿ ಹೆಚ್ಚಾಗಿ ತೋರಿಸಿದ್ದವು ಎಂಬುದು ಆಗ ಬಯಲಾಯಿತು. ಈ ಕೆಲಸ ಸಾಧ್ಯವಾದದ್ದು ದಕ್ಷಿಣದಲ್ಲಿ ಬೆಟ್ಟಗಳಿದ್ದುದರಿಂದ. ಉತ್ತರದ ಗಂಗಾ ಬಯಲಿನಲ್ಲಿ ಇದಕ್ಕಾಗಿ ಗೋಪುರಗಳನ್ನೇ ಕಟ್ಟಬೇಕಾಯಿತು. ಲ್ಯಾಂಬ್ಟನ್ನನ ತರುವಾಯ ಬಂದ ಜಾರ್ಜ್ ಎವರೆಸ್ಟ್ 1830ರಲ್ಲಿ ಭೂಮಿಯ ಗಾತ್ರ, ಆಕಾರಗಳ ಲೆಕ್ಕವನ್ನು ಕೊಟ್ಟನು. ಭಾರತದ ನಕ್ಷೆಗಳು ದೀರ್ಘಕಾಲ ಆ ಲೆಕ್ಕವನ್ನೇ ಆಧರಿಸಿದವು.

ಭಾರತೀಯ ಸರ್ವೇಕ್ಷಣಾ ಇಲಾಖೆಯ ಹಳೆಯ ಟೋಪೋಶೀಟುಗಳು ಬಹುಶಂಕು ಪ್ರಕ್ಷೇಪದಲ್ಲಿವೆ. ಅಮೆರಿಕೆಯ ಕರಾವಳಿ ಸರ್ವೆಗಾಗಿ ಫರ್ಡಿನಂಡ್ ಹ್ಯಾಸ್ಲರ್ ರೂಪಿಸಿದ ಕ್ರಮವಿದು. ಇಲ್ಲಿ ಒಂದು ಶಂಕುವಲ್ಲ, ಪ್ರತಿಯೊಂದು ಅಕ್ಷಾಂಶಕ್ಕೂ ತನ್ನದೇ ಒಂದು ಶಂಕು. ಪ್ರತಿ ಹಾಳೆಯ ಮಧ್ಯದ ರೇಖಾಂಶದ ಮೇಲೂ ಎಲ್ಲ ಅಕ್ಷಾಂಶಗಳ ಮೇಲೂ ಅಳತೆ ನಿಜವಾಗಿರುತ್ತದೆ; ಒಂದು ಹಾಳೆಯೊಳಗೆ ದೋಷ ಕಣ್ಣಿಗೆ ಕಾಣದಷ್ಟು ಕಿರಿದು. ತೊಂದರೆ ಬರುವುದು ಹಾಳೆಗಳನ್ನು ಜೋಡಿಸುವಾಗ. ತುರುವೇಕೆರೆ 57 ಸಿ/12 ಎಂಬ ಹಾಳೆಯಲ್ಲಿದೆ, ಚಿಕ್ಕನಾಯಕನಹಳ್ಳಿ ಅದರ ಮೇಲಿನ 57 ಸಿ/11ರಲ್ಲಿ. ಈ ಎರಡನ್ನು ಮೇಲೆ ಕೆಳಗೆ ಅಂಟಿಸಿದರೆ ಅವು ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಪಕ್ಕದ ಎರಡು ಹಾಳೆಗಳನ್ನೂ ತಂದು ನಾಲ್ಕನ್ನೂ ಜೋಡಿಸಲು ಹೋದರೆ ಎಲ್ಲಿಯೋ ಒಂದು ಕಡೆ ಬಿರುಕು ಉಳಿಯುತ್ತದೆ. ಪ್ರತಿ ಹಾಳೆಯ ಮೇಲಂಚು ಕೆಳಗಿನ ಅಂಚಿಗಿಂತ ಸುಮಾರು ಅರ್ಧ ಮಿಲಿಮೀಟರು ಕಿರಿದು. 1:50,000 ಪ್ರಮಾಣದಲ್ಲಿ ಅದು ನೆಲದ ಮೇಲೆ ಇಪ್ಪತ್ತೈದು ಮೀಟರಿಗೂ ಹೆಚ್ಚು. ಅಕ್ಷಾಂಶದ ಗೆರೆಗಳು ಒಂದೊಂದು ಹಾಳೆಯಲ್ಲಿಯೂ ಬೇರೆ ಬೇರೆಯಾಗಿ ತುಸು ಬಾಗಿರುತ್ತವೆ. ತಿಪಟೂರು ಪಟ್ಟಣವೋ ನಾಲ್ಕು ಹಾಳೆಗಳು ಸಂಧಿಸುವ ಮೂಲೆಗೆ ಬಹು ಸಮೀಪದಲ್ಲಿದೆ. ಆ ಊರಿನ ಸುತ್ತಣ ಪ್ರದೇಶವನ್ನು ಒಂದೇ ನಕ್ಷೆಯಾಗಿ ಮಾಡಬಯಸುವ ವಿದ್ಯಾರ್ಥಿ ಈ ಬಿರುಕನ್ನು ಗೋಂದಿನಿಂದ ಮುಚ್ಚದೆ ಗಮನಿಸುವುದು ಒಳಿತು.

2005ರ ಮೇ ತಿಂಗಳಲ್ಲಿ ಪ್ರಕಟವಾದ ರಾಷ್ಟ್ರೀಯ ನಕ್ಷಾ ನೀತಿಯು ಸೇನೆಗೊಂದು, ಸಾರ್ವಜನಿಕರಿಗೊಂದು ಎಂದು ಎರಡು ನಕ್ಷಾಮಾಲೆಗಳನ್ನು ಬೇರ್ಪಡಿಸಿತು. ಸಾರ್ವಜನಿಕ ಮಾಲೆಗೆ ಆರಿಸಿದ್ದು ‘ಸಾರ್ವತ್ರಿಕ ಅಡ್ಡ ಮರ್ಕೇಟರ್’ ಪ್ರಕ್ಷೇಪವನ್ನು; ಅದನ್ನು ಯು.ಟಿ.ಎಂ. ಎಂದು ಕರೆಯುವುದು ರೂಢಿ. ಮರ್ಕೇಟರನ ಕೊಳವೆ ನೆಟ್ಟಗೆ ನಿಂತಿದ್ದರೆ ಇಲ್ಲಿ ಅದನ್ನು ಅಡ್ಡ ಮಲಗಿಸಿ, ಒಂದೊಂದು ಸಲಕ್ಕೆ ಆರು ಡಿಗ್ರಿ ಅಗಲದ ಪಟ್ಟಿಯನ್ನು ಮಾತ್ರ ಇಳಿಸಿಕೊಳ್ಳುತ್ತಾರೆ. ಹೀಗೆ ಲೋಕಕ್ಕೆ ಅರವತ್ತು ಪಟ್ಟಿಗಳು. ಕರ್ನಾಟಕದ ಬಹುಭಾಗ 72ರಿಂದ 78 ಡಿಗ್ರಿ ಪೂರ್ವ ರೇಖಾಂಶದವರೆಗಿನ 43ನೆಯ ಪಟ್ಟಿಯಲ್ಲಿದೆ. ಅದರ ಮಧ್ಯರೇಖೆಯಾದ 75 ಡಿಗ್ರಿ ಧಾರವಾಡದ ಬಳಿ ಹಾಯುತ್ತದೆ.

ಇಲ್ಲಿ ತೆಂಗಿನ ಸೀಮೆಗೆ ಸಂಬಂಧಿಸಿದ ಒಂದು ಸ್ವಾರಸ್ಯವಿದೆ. ದೋಷವನ್ನು ಪಟ್ಟಿಯ ಉದ್ದಗಲಕ್ಕೂ ಹಂಚಲೆಂದು ಕೊಳವೆಯನ್ನು ಗೋಳಕ್ಕೆ ತಾಗಿಸುವ ಬದಲು ತುಸು ಒಳಹೊಗಿಸಿದ್ದಾರೆ. ಆದಕಾರಣ ಮಧ್ಯರೇಖೆಯ ಮೇಲೆ ಒಂದು ಕಿಲೋಮೀಟರು ನಲವತ್ತು ಸೆಂಟಿಮೀಟರಿನಷ್ಟು ಕುಗ್ಗಿ ಕಾಣುತ್ತದೆ. ಎರಡೂ ಬದಿಗೆ ಸುಮಾರು 180 ಕಿಲೋಮೀಟರು ಸರಿದಾಗ ಅಳತೆ ಪೂರ್ತಿ ನಿಜವಾಗುತ್ತದೆ, ಅದರಾಚೆಗೆ ಹಿಗ್ಗತೊಡಗುತ್ತದೆ. ಪೂರ್ವದ ಬದಿಯ ಆ ನಿಜರೇಖೆ ಈ ಅಕ್ಷಾಂಶದಲ್ಲಿ ಹಾಯುವುದು ಸುಮಾರು 76 ಡಿಗ್ರಿ 40 ನಿಮಿಷದ ಬಳಿ, ಎಂದರೆ ತುರುವೇಕೆರೆಯ ಆಸುಪಾಸಿನಲ್ಲಿ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಈ ಮೂರು ಪಟ್ಟಣಗಳಲ್ಲಿಯೂ ಒಂದು ಕಿಲೋಮೀಟರಿಗೆ ಹತ್ತು ಸೆಂಟಿಮೀಟರಿನ ವ್ಯತ್ಯಾಸವೂ ಬಾರದು. ಬೆಂಗಳೂರಿನಲ್ಲಿ ಅದು ಅರ್ಧ ಮೀಟರನ್ನು ತುಸು ದಾಟುತ್ತದೆ. ಎಕರೆಯ ಲೆಕ್ಕಕ್ಕೆ ತಿರುಗಿಸಿದರೆ ಬೆಂಗಳೂರಿನಲ್ಲಿಯೂ ತಪ್ಪು ಒಂದು ಆಣೆಗಿಂತ ಕಡಿಮೆ. ಗುಂಟೆಗೆ ಹದಿನಾರು ಆಣೆ ಎಂಬುದು ಪಹಣಿ ಓದುವವರಿಗೆ ಗೊತ್ತೇ ಇದೆ. ಜಾಲನಕ್ಷೆಯ ಎರಡು ಗುಂಟೆಗೂ ಮಿಕ್ಕ ತಪ್ಪೆಲ್ಲಿ, ಇದೆಲ್ಲಿ!

ಹಾಗೆಂದು ಈ ಕ್ರಮಕ್ಕೆ ಮಿತಿಯಿಲ್ಲವೆಂದಲ್ಲ. ಮಾಲೂರು 43ನೆಯ ಪಟ್ಟಿಯಲ್ಲಿ, ಕೋಲಾರ 44ರಲ್ಲಿ. 78 ಡಿಗ್ರಿ ರೇಖೆಯ ಆಚೀಚೆ ಇರುವ ಎರಡು ಹೊಲಗಳು ನೆಲದ ಮೇಲೆ ಬದು ಹಂಚಿಕೊಂಡಿದ್ದರೂ ಲೆಕ್ಕದಲ್ಲಿ ನೂರಾರು ಕಿಲೋಮೀಟರು ದೂರದ ಅಂಕಿಗಳನ್ನು ಹೊತ್ತಿರುತ್ತವೆ. ಮತ್ತೊಂದು, ನಕ್ಷೆಯ ಚೌಕಗೆರೆ ತೋರುವ ಉತ್ತರ ನಿಜವಾದ ಉತ್ತರವಲ್ಲ. ತುರುವೇಕೆರೆಯಲ್ಲಿ ಅದು ಸುಮಾರು 23 ನಿಮಿಷದಷ್ಟು, ಎಂದರೆ ಒಂದು ಡಿಗ್ರಿಯ ಮೂರನೆಯ ಒಂದು ಭಾಗಕ್ಕಿಂತ ತುಸು ಹೆಚ್ಚು, ಪೂರ್ವಕ್ಕೆ ವಾಲಿರುತ್ತದೆ. ಆ ಗೆರೆಯನ್ನು ನಂಬಿ ಒಂದು ಕಿಲೋಮೀಟರು ಉತ್ತರಕ್ಕೆ ನಡೆದವನು ಆರೂವರೆ ಮೀಟರು ಬಲಕ್ಕೆ ಸರಿದಿರುತ್ತಾನೆ.

ಪ್ರಕ್ಷೇಪದ ಜೊತೆಗೆ ಇನ್ನೊಂದು ತೊಡಕು ಬೆಸೆದುಕೊಂಡಿದೆ. ಹಳೆಯ ನಕ್ಷೆಗಳು ಎವರೆಸ್ಟನ ಭೂಮಿಯನ್ನು ಆಧರಿಸಿದವು. ಕೈಯಲ್ಲಿ ಹಿಡಿಯುವ ಜಿ.ಪಿ.ಎಸ್. ಯಂತ್ರವೂ ಹೊಸ ನಕ್ಷೆಗಳೂ 1984ರ ಜಾಗತಿಕ ಮಾನವನ್ನು ಆಧರಿಸಿವೆ. ಈ ಆಧಾರಮಾನಕ್ಕೆ ಡೇಟಮ್ ಎಂದು ಹೆಸರು. ಎರಡು ಡೇಟಮ್‌ಗಳಲ್ಲಿಯೂ ಒಂದು ಬಂಡೆಯ ಅಕ್ಷಾಂಶ, ರೇಖಾಂಶಗಳು ಬೇರೆ ಬೇರೆ. ಹಳೆಯ ಟೋಪೋಶೀಟಿನಿಂದ ಅಂಕಿಗಳನ್ನು ತೆಗೆದು, ಪರಿವರ್ತಿಸದೆ ಜಿ.ಪಿ.ಎಸ್. ಯಂತ್ರಕ್ಕೆ ಕೊಟ್ಟರೆ ಈ ಸೀಮೆಯಲ್ಲಿ ನೂರು ಮೀಟರಿಗೂ ಮಿಗಿಲಾದ ವ್ಯತ್ಯಾಸ ಬರುತ್ತದೆ. ಕೆರೆಯ ತೂಬು ಅಚ್ಚುಕಟ್ಟಿನ ನಡುವೆ ಹೋಗಿ ನಿಲ್ಲಬಹುದು.

ಇಷ್ಟೆಲ್ಲ ಗಣಿತದ ಗೊಡವೆಯಿಲ್ಲದ ನಕ್ಷೆಯೊಂದು ಪ್ರತಿ ಹಳ್ಳಿಗೂ ಇದೆ. ಮೈಸೂರು ಸಂಸ್ಥಾನದಲ್ಲಿ 1863ರಿಂದ ನಡೆದ ರೆವಿನ್ಯೂ ಸರ್ವೆಯಿಂದ ಹುಟ್ಟಿದ ಗ್ರಾಮನಕ್ಷೆಗಳಿಗೆ ಪ್ರಕ್ಷೇಪವೇ ಇಲ್ಲ. ಮೂವತ್ತಮೂರು ಅಡಿಯ ಸರಪಳಿ, ಬಾಂದುಕಲ್ಲು, ಅಡ್ಡಳತೆ ಇವುಗಳ ಬಲದಿಂದ, ಭೂಮಿ ಚಪ್ಪಟೆಯೆಂದೇ ಭಾವಿಸಿ ಅವನ್ನು ಬರೆದರು. ಒಂದು ಊರಿನೊಳಗೆ ಭೂಮಿಯ ದುಂಡು ಲೆಕ್ಕಕ್ಕೆ ಬರುವಷ್ಟಿಲ್ಲ. ಆದ್ದರಿಂದ ಅದು ತಪ್ಪಲ್ಲ, ಜಾಣತನ. ಸರ್ವೆ ನಂಬರಿನ ಆಕಾರ, ಹಿಸ್ಸೆಯ ಅಳತೆ, ಓಣಿ, ಹಳ್ಳ, ಖರಾಬು ಇವನ್ನು ಯಾವ ಟೋಪೋಶೀಟೂ ಇಷ್ಟು ವಿವರವಾಗಿ ತೋರಿಸದು. ಆದರೆ ಆ ಹಾಳೆಯಲ್ಲಿ ಅಕ್ಷಾಂಶವಿಲ್ಲ, ರೇಖಾಂಶವಿಲ್ಲ; ಊರು ಲೋಕದಲ್ಲಿ ಎಲ್ಲಿದೆಯೆಂಬುದು ಅದಕ್ಕೆ ತಿಳಿಯದು. ಅಕ್ಕಪಕ್ಕದ ಎರಡು ಊರುಗಳ ನಕ್ಷೆಗಳನ್ನು ಜೋಡಿಸಿದರೆ ಎಲ್ಲೆಯ ಗೆರೆಗಳು ಒಂದರ ಮೇಲೊಂದು ಕೂರುವುದಿಲ್ಲ. ಇಂದು ‘ದಿಶಾಂಕ್’ ಆ್ಯಪಿನಲ್ಲಿ ನಿಂತ ಜಾಗದ ಸರ್ವೆ ನಂಬರು ಕಾಣುವುದು ಈ ಹಳೆಯ ಹಾಳೆಗಳನ್ನು ಭೂನಿರ್ದೇಶಾಂಕಗಳಿಗೆ ಹೊಂದಿಸಿ ಕೂರಿಸಿರುವುದರಿಂದ. ಅನುಕೂಲ ದೊಡ್ಡದು. ಆದರೆ ಪ್ರಕ್ಷೇಪವಿಲ್ಲದ ಹಾಳೆಯನ್ನು ಎಳೆದು ಕೂರಿಸಿದ ಗೆರೆಯನ್ನು ನೋಡಿ ಬದು ಕೀಳಲು ಹೊರಡುವವರಿಗೆ ಮೋಜಿಣಿದಾರನ ಸರಪಳಿಯೂ ಟಿಪ್ಪಣಿಯೂ ಇನ್ನೂ ಬೇಕು.

ಗುಡ್ಡದ ಜನ ಕೇಳುವ ಪ್ರಶ್ನೆಯೊಂದಿದೆ: ಇಳಿಜಾರಿನ ಜಮೀನು ನಕ್ಷೆಯಲ್ಲಿ ಕಿರಿದಾಗಿ ಕಾಣುವುದೇಕೆ? ಗ್ರಾಮನಕ್ಷೆಯೇ ಇರಲಿ, ಯು.ಟಿ.ಎಂ. ನಕ್ಷೆಯೇ ಇರಲಿ, ನೆಲವನ್ನು ಮೊದಲು ಮೇಲಿನಿಂದ ನೋಡಿದಂತೆ ಸಮತಟ್ಟಿಗೆ ಇಳಿಸಿಕೊಂಡೇ ಮುಂದಿನ ಲೆಕ್ಕ. 30 ಡಿಗ್ರಿ ಇಳಿಜಾರಿನಲ್ಲಿ ನಕ್ಷೆಯ ಒಂದು ಎಕರೆಯೆಂದರೆ ಕಾಲು ಸೋಕುವ ನೆಲ ನಲವತ್ತಾರು ಗುಂಟೆ. ಇದು ಮೋಸವೇನಲ್ಲ. ಮಳೆ ಮೇಲಿನಿಂದಲೇ ಬೀಳುವುದರಿಂದ ಗುಡ್ಡಕ್ಕೆ ದಕ್ಕುವ ನೀರಿನ ಲೆಕ್ಕಕ್ಕೆ ಸಮತಟ್ಟಿನ ವಿಸ್ತೀರ್ಣವೇ ಸರಿ. ಆದರೆ ಕೊಚ್ಚಿಹೋಗುವ ಮಣ್ಣು, ಹಾಕಬೇಕಾದ ಬೇಲಿ, ಮೇಯುವ ದನದ ನಡಿಗೆ ಇವು ಇಳಿಜಾರಿನ ಮೇಲೆಯೇ ನಡೆಯುವಂಥವು. ಸಮತಟ್ಟಿನ ಅಳತೆಯಿಂದ ಅವುಗಳ ಖರ್ಚು ಅಂದಾಜು ಮಾಡಿದರೆ ಹಣ ಸಾಲದಾಗುತ್ತದೆ.

ಪರಿಸರ ಚಳವಳಿಗೆ ನೇರವಾಗಿ ತಟ್ಟುವ ಎರಡು ಪ್ರಸಂಗಗಳು ಇನ್ನು ಉಳಿದಿವೆ. ಮಾಧವ ಗಾಡ್ಗೀಳರ ಅಧ್ಯಕ್ಷತೆಯ ಪಶ್ಚಿಮ ಘಟ್ಟ ಪರಿಸರ ತಜ್ಞರ ಸಮಿತಿ 2011ರಲ್ಲಿ ಸಲ್ಲಿಸಿದ ವರದಿಯಲ್ಲಿ ಘಟ್ಟವನ್ನು ಐದು ನಿಮಿಷ ಅಕ್ಷಾಂಶ, ಐದು ನಿಮಿಷ ರೇಖಾಂಶದ ಚೌಕಗಳಾಗಿ ವಿಂಗಡಿಸಿ, ಚೌಕ ಚೌಕಕ್ಕೂ ಪರಿಸರ ಮಹತ್ವದ ಅಂಕ ನೀಡಲಾಗಿತ್ತು. ಯಾರು ಬೇಕಾದರೂ ಪರೀಕ್ಷಿಸಬಹುದಾದ ವಿಂಗಡಣೆ ಎಂಬುದು ಅದರ ಬಲ. ಆದರೆ ರೇಖಾಂಶಗಳು ಉತ್ತರಕ್ಕೆ ಹೋದಂತೆ ಹತ್ತಿರವಾಗುವುದರಿಂದ, ಕನ್ಯಾಕುಮಾರಿಯ ಕಡೆಯ ಚೌಕ ಸುಮಾರು 85 ಚದರ ಕಿಲೋಮೀಟರಿದ್ದರೆ ತಾಪಿ ನದಿಯ ಬಳಿಯ ಚೌಕ ಸುಮಾರು 80 ಮಾತ್ರ. ಚೌಕಗಳನ್ನು ಎಣಿಸಿ ವಿಸ್ತೀರ್ಣ ಹೇಳುವವರು ಈ ಆರರಷ್ಟು ಶೇಕಡವನ್ನು ಕಳೆದುಕೊಳ್ಳುತ್ತಾರೆ. ನಿಜ ಹೇಳಬೇಕೆಂದರೆ ಇದು ಸಣ್ಣ ದೋಷ. ಒಂಬತ್ತು ಕಿಲೋಮೀಟರಿನ ಒಂದೇ ಚೌಕದೊಳಗೆ ಶೋಲೆ ಕಾಡೂ ಅಡಕೆ ತೋಟವೂ ಪೇಟೆಯೂ ಸೇರಿಬಿಡುವುದು ಅದಕ್ಕಿಂತ ದೊಡ್ಡದು. 2013ರ ಕಸ್ತೂರಿರಂಗನ್ ಸಮಿತಿಯ ವರದಿ ಹಳ್ಳಿಯನ್ನೇ ಘಟಕವಾಗಿ ಹಿಡಿದು, ಗ್ರಾಮದ ವಿಸ್ತೀರ್ಣದಲ್ಲಿ ಶೇ. 20ರಷ್ಟಾದರೂ ಸೂಕ್ಷ್ಮ ಪ್ರದೇಶವಿದ್ದರೆ ಇಡೀ ಗ್ರಾಮವನ್ನು ಪಟ್ಟಿಗೆ ಸೇರಿಸಿತು. ನಕ್ಷೆಯ ಹಿಗ್ಗಿನಿಂದ ಈ ಶೇಕಡ ಬದಲಾಯಿತೇ ಎಂಬ ಸಂಶಯಕ್ಕೆ ಉತ್ತರ: ಇಲ್ಲ. ಒಂದು ಹಳ್ಳಿಯೊಳಗೆ ಕಾಡು ಎಷ್ಟು ಹಿಗ್ಗುತ್ತದೆಯೋ ಊರೂ ಅಷ್ಟೇ ಹಿಗ್ಗುತ್ತದೆ. ಅಲ್ಲಿ ಪ್ರಶ್ನಿಸಬೇಕಾದದ್ದು ಪ್ರಕ್ಷೇಪವನ್ನಲ್ಲ, ತೋಟವನ್ನು ಕಾಡಿನಿಂದ ಉಪಗ್ರಹ ಚಿತ್ರ ಬೇರ್ಪಡಿಸಿತೇ ಎಂಬುದನ್ನು ಮತ್ತು ಗ್ರಾಮದ ಎಲ್ಲೆಯನ್ನು ಎಲ್ಲಿಂದ ತೆಗೆದುಕೊಂಡರು ಎಂಬುದನ್ನು.

ಎರಡನೆಯ ಪ್ರಸಂಗ ಹತ್ತಿರದ್ದು. ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಗುಡ್ಡಗಳಲ್ಲಿ ಕಬ್ಬಿಣ, ಮ್ಯಾಂಗನೀಸ್ ಅದಿರುಗಳ ಗಣಿಗಳಿದ್ದವು. ಸಮಾಜ ಪರಿವರ್ತನ ಸಮುದಾಯ ಹೂಡಿದ ದಾವೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 2011ರ ಜುಲೈ 29ರಂದು ಬಳ್ಳಾರಿಯಲ್ಲಿ, ಆಗಸ್ಟ್ 26ರಂದು ತುಮಕೂರು ಮತ್ತು ಚಿತ್ರದುರ್ಗ ಜಿಲ್ಲೆಗಳಲ್ಲಿ ಗಣಿಗಾರಿಕೆಯನ್ನು ನಿಲ್ಲಿಸಿತು. ಪ್ರತಿ ಗುತ್ತಿಗೆಯ ನಿಜವಾದ ಎಲ್ಲೆ ಯಾವುದು ಎಂಬುದನ್ನು ಜಂಟಿ ತಂಡವೊಂದು ನೆಲದ ಮೇಲೆ ಅಳೆಯಬೇಕಾಯಿತು. ಎಲ್ಲೆಯ ಹೊರಗೆ ಗಣಿಗುಂಡಿ ಶೇ. 10ನ್ನು ಅಥವಾ ತ್ಯಾಜ್ಯದ ರಾಶಿ ಶೇ. 15ನ್ನು ಮೀರಿದ್ದರೆ ಆ ಗುತ್ತಿಗೆ ‘ಸಿ’ ವರ್ಗಕ್ಕೆ ಸೇರುತ್ತಿತ್ತು. 2013ರ ಏಪ್ರಿಲ್ 18ರ ತೀರ್ಪಿನಲ್ಲಿ ಆ ವರ್ಗದ ಗುತ್ತಿಗೆಗಳು ರದ್ದಾದವು. ಈ ಶೇಕಡಗಳನ್ನು ನಕ್ಷೆಯ ಲೆಕ್ಕದೊಡನೆ ಹೋಲಿಸಿ ನೋಡಬೇಕು. ನಲವತ್ತು ಹೆಕ್ಟೇರಿನ ಸಮಚೌಕದ ಒಂದು ಬದಿ ಸುಮಾರು 632 ಮೀಟರು. ಯಾವುದೋ ಗಣಿಯದೆಂದಲ್ಲ, ಲೆಕ್ಕಕ್ಕಾಗಿ ಅಷ್ಟು ದೊಡ್ಡ ಗುತ್ತಿಗೆಯೊಂದನ್ನು ಊಹಿಸಿ, ಡೇಟಮ್ ಬದಲಾದದ್ದನ್ನು ಗಮನಿಸದೆ ಅದರ ಗೆರೆ ನೂರು ಮೀಟರು ಒಂದು ಬದಿಗೆ ಸರಿಯಿತೆಂದುಕೊಂಡರೆ, ಶೇ. 15ಕ್ಕೂ ಹೆಚ್ಚು ನೆಲ ಗೆರೆಯ ಹೊರಗೆ ಬೀಳುತ್ತದೆ. ನಿರಪರಾಧಿ ಅಪರಾಧಿಯಾಗಲು, ಅಪರಾಧಿ ತಪ್ಪಿಸಿಕೊಳ್ಳಲು ಅಷ್ಟು ಸಾಕು.

ಆದಕಾರಣ ಗುಡ್ಡದ ಮೇಲೆ ಗುತ್ತಿಗೆಯ ಹೊಸ ನಕ್ಷೆ ಬಂದಾಗ, 2005ರ ಮಾಹಿತಿ ಹಕ್ಕು ಅಧಿನಿಯಮದ ಅರ್ಜಿಯಲ್ಲಿ ‘ನಕ್ಷೆಯ ಪ್ರತಿ ಕೊಡಿ’ ಎಂದಷ್ಟೇ ಬರೆದರೆ ಸಾಲದು. ಎಲ್ಲೆಯ ಪ್ರತಿ ಮೂಲೆಕಲ್ಲಿನ ಅಕ್ಷಾಂಶ ರೇಖಾಂಶಗಳ ಪಟ್ಟಿ, ಅವು ಎವರೆಸ್ಟ್ ಮಾನದವೋ 1984ರ ಜಾಗತಿಕ ಮಾನದವೋ ಎಂಬ ವಿವರ, ವಿಸ್ತೀರ್ಣವನ್ನು ಯಾವ ಪ್ರಕ್ಷೇಪದಲ್ಲಿ ಲೆಕ್ಕ ಹಾಕಲಾಗಿದೆ ಎಂಬ ಉತ್ತರ, ಗ್ರಾಮನಕ್ಷೆಯ ಯಾವ ಬಾಂದುಕಲ್ಲುಗಳಿಗೆ ಅದನ್ನು ಹೊಂದಿಸಲಾಗಿದೆ ಎಂಬ ದಾಖಲೆ ಇಷ್ಟನ್ನೂ ಹೆಸರಿಸಿ ಕೇಳಬೇಕು. ಉತ್ತರ ಕೈಸೇರಿದ ಮೇಲೆ ಕಾಲೇಜಿನ ವಿದ್ಯಾರ್ಥಿಗಳು ಜಿ.ಪಿ.ಎಸ್. ಯಂತ್ರವನ್ನು ಹಿಡಿದು, ಊರಿನ ಹಿರಿಯರು ಬಾಂದುಕಲ್ಲುಗಳ ಗುರುತನ್ನು ಹಿಡಿದು, ಇಬ್ಬರೂ ಒಟ್ಟಿಗೆ ಗುಡ್ಡ ಹತ್ತಬಹುದು.